ಅಪ್ಪಯ್ಯ ಕಿತ್ತ ಕ್ಯಾಲಿಪ್ಸೊ ಗಿಡ ಮತ್ತೆ ಹತ್ತುತ್ತದಾ? (ಕೊಲೊರಾಡೊ ಕಾಡಿನ ಪುಟ್ಟ ಆರ್ಕಿಡ್)

ಶಿರಸಿಮಾಣಿ (ಜೂನ್ 15)

ಎಲ್ಲರಿಗೂ ನಮಸ್ಕಾರ. ಗಿಡದ ಬಗ್ಗೆ ತಿಳಿದವರು ದಯವಿಟ್ಟು ಉತ್ತರ ಕೊಡಿ. ನಿನ್ನೆಯಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಾನಿರೋದು ಡೆನ್ವರ್ ಹತ್ತಿರ. ಅಪ್ಪಯ್ಯ, ಆಯಿ ಶಿರಸಿ ಕಡೆಯಿಂದ ಬಂದು ಒಂದೂವರೆ ತಿಂಗಳಾಯಿತು. ನಿನ್ನೆ ಅವರನ್ನು ಕರೆದುಕೊಂಡು ಬೆಟ್ಟದ ಕಾಡಿಗೆ ಹೋಗಿದ್ದೆ. ಸುಮಾರು 9,000 ಅಡಿ ಎತ್ತರ. ಸ್ಪ್ರೂಸ್, ಫರ್ ಮರಗಳ ಗಾಢ ನೆರಳು, ಪಕ್ಕದಲ್ಲೇ ಹಳ್ಳ. ಬಂಡೆಗಳ ಸಂದಿಯಲ್ಲಿ ಇನ್ನೂ ಸ್ವಲ್ಪ ಹಿಮ ಉಳಿದಿತ್ತು. ಆಯಿ ಸುಸ್ತಾಯಿತು ಅಂತ ಒಂದು ಮರದ ದಿಮ್ಮಿ ಮೇಲೆ ಕೂತರು. ಅಪ್ಪಯ್ಯ ಎಲ್ಲಿ ಹೋದರೂ ನೆಲ ನೋಡಿಕೊಂಡೇ ನಡೆಯುವವರು. ಸ್ವಲ್ಪ ಹೊತ್ತಿಗೆ ಕರೆದರು, "ತಮಾ, ಇಲ್ಲಿ ಬಾರೋ, ನೆಲದ ಮೇಲೇ ದಂಡೆ ಹೂವು ಬಿಟ್ಟಿದ್ದು ನೋಡು."

ನಮ್ಮ ಕಡೆ ಸೀತಾಳೆ ದಂಡೆ ಅಂತೀವಲ್ಲ, ಆ ಜಾತಿ ಅಂತ ಅವರು ಒಂದೇ ನೋಟಕ್ಕೆ ಹೇಳಿಬಿಟ್ಟರು. ಗೇಣುದ್ದವೂ ಇಲ್ಲದ ದಂಟು, ತುದಿಯಲ್ಲಿ ಒಂದೇ ಹೂವು. ಗುಲಾಬಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣದ ಐದು ಸಪೂರ ಎಸಳು ಮೇಲಕ್ಕೆ ಕೆದರಿಕೊಂಡಿವೆ, ಕೆಳಗೆ ಮಗುವಿನ ಚಪ್ಪಲಿಯ ಹಾಗೆ ಉಬ್ಬಿದ ತುಟಿ, ಅದರ ಬಾಯಲ್ಲಿ ಹಳದಿ ರೋಮದ ಕುಚ್ಚು. ಬುಡದಲ್ಲಿ ಒಂದೇ ಒಂದು ಎಲೆ. ನಾನು ಫೋನ್ ತೆಗೆಯುವಷ್ಟರಲ್ಲಿ ಅಪ್ಪಯ್ಯ ಎರಡು ಬೆರಳಲ್ಲಿ ಬುಡ ಹಿಡಿದು ಎತ್ತಿಬಿಟ್ಟರು. ಎಳೆಯಲೇ ಇಲ್ಲ, ಸುಮ್ನೆ ಎತ್ತಿದರು, ಬಂದುಬಿಟ್ಟಿತು. ಅಡಿಕೆಗಿಂತ ಚಿಕ್ಕದಾದ ಬಿಳಿ ಗೆಡ್ಡೆ, ಎರಡು ಮೂರು ದಪ್ಪ ಬೇರು, ಅದಕ್ಕೆ ಅಂಟಿದ ಚೂರು ದರಕು.

ನಾನು ಕೂಗಿದೆ. ಆಮೇಲೆ ಕೂಗಬಾರದಿತ್ತು ಅನ್ನಿಸಿತು. ಅವರ ಮುಖ ಸಣ್ಣದಾಯಿತು. ಊರಲ್ಲಿ ಬಿದ್ದ ಮರದ ಕೊಂಬೆಯಿಂದ ದಂಡೆ ಬಿಡಿಸಿ ತಂದು ಮನೆ ಹಿಂದಿನ ಹಲಸಿನ ಮರಕ್ಕೆ ತೆಂಗಿನ ನಾರಲ್ಲಿ ಕಟ್ಟಿ ಬದುಕಿಸಿದವರು ಅವರು, ಒಂದಲ್ಲ ಹತ್ತಾರು. ಕೊಲ್ಲುವ ಮನಸ್ಸಿನಿಂದ ಮುಟ್ಟಿದ್ದಲ್ಲ. ಕೂಡಲೇ ಅದೇ ಗುಳಿಯಲ್ಲಿ ಗೆಡ್ಡೆ ಇಟ್ಟು, ದರಕು ಮುಚ್ಚಿ, ಬಾಟಲಿ ನೀರು ಹಾಕಿ ಬಂದೆವು. ಮನೆಗೆ ಬಂದು ಹುಡುಕಿದಾಗ ಹೆಸರು ಸಿಕ್ಕಿತು: ಕ್ಯಾಲಿಪ್ಸೊ ಬಲ್ಬೋಸಾ. ಇಲ್ಲಿಯವರು ಫೇರಿ ಸ್ಲಿಪರ್ ಅಂತಾರೆ.

ಅದು ಬದುಕುತ್ತದಾ?

ಹಾವಸೆಕಲ್ಲು (ಜೂನ್ 15)

ನಾನು ಸಿಯಾಟಲ್ ಕಡೆ. ಹತ್ತು ವರ್ಷದಿಂದ ಪ್ರತಿ ವಸಂತದಲ್ಲೂ ಈ ಹೂವು ನೋಡಲು ಕಾಡಿಗೆ ಹೋಗುತ್ತೇನೆ. ಆದ್ದರಿಂದ ಮುಚ್ಚಿಡದೆ ಹೇಳ್ತೀನಿ, ಬದುಕುವ ಸಾಧ್ಯತೆ ಕಡಿಮೆ. ಆದರೆ ನೀವು ಆ ಹೊತ್ತಿಗೆ ಮಾಡಬಹುದಾಗಿದ್ದ ಸರಿಯಾದ ಕೆಲಸವನ್ನೇ ಮಾಡಿದ್ದೀರಿ. ಅದೇ ಜಾಗದಲ್ಲಿ, ಅದೇ ದರಕಿನಲ್ಲಿ ವಾಪಸ್ ಇಟ್ಟಿರಿ. ಮನೆಗೆ ತಂದಿದ್ದರೆ ಖಂಡಿತ ಹೋಗುತ್ತಿತ್ತು.

ಅಪ್ಪಯ್ಯನವರಿಗೆ ಹೀಗೆ ಹೇಳಿ. ಸೀತಾಳೆ ದಂಡೆ ಮರದ ಮೇಲೆ ಬೆಳೆಯುವುದು. ಅದರ ಬೇರು ಗಾಳಿಯಲ್ಲಿ ತೂಗಾಡುತ್ತಾ ಮಳೆ, ಮಂಜಿನಿಂದಲೇ ನೀರು ಹೀರುತ್ತದೆ, ಹಾಗಾಗಿ ಬೇರೆ ಮರಕ್ಕೆ ಕಟ್ಟಿದರೂ ಎಷ್ಟೋ ಸಲ ಹತ್ತುತ್ತದೆ. ಇದು ಹಾಗಲ್ಲ. ಇದರ ಗೆಡ್ಡೆ ಮಣ್ಣಿಗೂ ಪೂರ್ತಿ ಇಳಿದಿರುವುದಿಲ್ಲ. ಸೂಜಿ ಎಲೆ ಕೊಳೆತು ಆದ ಸಡಿಲ ಪದರದಲ್ಲಿ, ಹಾವಸೆಯ ಕೆಳಗೆ ಕೂತಿರುತ್ತದೆ. ಅದಕ್ಕೇ ನಿಮ್ಮ ಅಪ್ಪಯ್ಯನ ಬೆರಳಿಗೆ ಅಷ್ಟು ಸಲೀಸಾಗಿ ಬಂತು. ಆ ಪದರದ ತುಂಬ ಶಿಲೀಂಧ್ರದ ಎಳೆ ಹಬ್ಬಿರುತ್ತದೆ, ಹಳೇ ದರಕು ಎತ್ತಿದಾಗ ಬಿಳಿ ನೂಲಿನ ಹಾಗೆ ಕಾಣುತ್ತಲ್ಲ, ಅಂಥದ್ದು. ಗಿಡದ ಬೇರಿಗೂ ಆ ಎಳೆಗೂ ಸಂಬಂಧ ಬೆಳೆದಿರುತ್ತದೆ. ಕಿತ್ತಾಗ ತುಂಡಾಗುವುದು ಅದು. ಕಣ್ಣಿಗೆ ಬೇರು ಪೂರ್ತಿ ಇದ್ದ ಹಾಗೇ ಇರುತ್ತದೆ.

ಇನ್ನೊಂದು ವಿಷಯ, ಬೀಜ. ಈ ಗಿಡದ ಒಂದು ಕಾಯಿಯಲ್ಲಿ ಸಾವಿರಾರು ಬೀಜ, ಧೂಳಿನಷ್ಟು ಸಣ್ಣವು. ನಮ್ಮ ಅವರೆ, ಹುರುಳಿ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇರುತ್ತದಲ್ಲ, ಇದರಲ್ಲಿ ಅದು ಇಲ್ಲ. ಬಿದ್ದ ಕಡೆ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಅಲ್ಲಿಂದ ಹೂ ಬಿಡಲು ಮತ್ತೆ ಹಲವು ವರ್ಷ. ನೀವು ನೋಡಿದ ಆ ಒಂದು ಹೂವಿನ ಹಿಂದೆ ಅಷ್ಟು ಕಾಲ ಇದೆ.

ಕ್ಯಾಲ್ಗರಿಕನ್ನಡತಿ (ಜೂನ್ 15)

ಅಯ್ಯೋ, ನಿಮ್ಮ ಅಪ್ಪಯ್ಯನವರ ಬಗ್ಗೆ ಓದಿ ನಮ್ಮ ಮಾವನವರೇ ನೆನಪಾದರು. ಅವರೂ ಹಾಗೇ, ಕೈ ಸುಮ್ಮನಿರುವುದಿಲ್ಲ.

ನಮ್ಮಲ್ಲಿ ಬ್ಯಾಂಫ್ ಕಡೆ ಮೇ ಕೊನೆಯಿಂದ ಜೂನ್ ಒಳಗೆ ಇದು ಅರಳುತ್ತದೆ. ನ್ಯಾಷನಲ್ ಪಾರ್ಕ್ ಆದ್ದರಿಂದ ಮುಟ್ಟುವ ಹಾಗೇ ಇಲ್ಲ. ಆದರೆ ನನಗೆ ಹೊಟ್ಟೆ ಉರಿಯುವುದು ಕೀಳುವವರಿಗಿಂತ ಫೋಟೊದವರನ್ನು ನೋಡಿ. ಹೂವು ಚಿಕ್ಕದು, ಮುಖ ಕೆಳಗೆ ಬಾಗಿರುತ್ತದೆ, ಹಾಗಾಗಿ ಒಳಗಿನ ಗೆರೆ ಬೇಕು ಅಂದರೆ ನೆಲಕ್ಕೆ ಮಲಗಬೇಕು. ಹೋದ ವರ್ಷ ಒಬ್ಬರು ಹೊಟ್ಟೆ ಮೇಲೆ ಮಲಗಿ ಇಪ್ಪತ್ತು ನಿಮಿಷ ಫೋಟೊ ತೆಗೆದರು. ಎದ್ದು ಹೋದ ಮೇಲೆ ನೋಡಿದೆ. ಅವರ ಮೊಣಕೈ ಊರಿದ್ದ ಕಡೆ ಹಾವಸೆಯಲ್ಲಿ ಗುಳಿ, ಗುಳಿಯೊಳಗೆ ಮೂರು ಪುಟ್ಟ ಎಲೆ. ಮೂರೂ ನಡುವೆ ಮುರಿದಿದ್ದವು. ಆ ವರ್ಷ ಹೂ ಬಿಡದ ಗಿಡಗಳು ಅವು. ಬರೀ ಎಲೆ ಅಂತ ಅವರ ಕಣ್ಣಿಗೇ ಬಿದ್ದಿಲ್ಲ. ಹೂವಿನ ಫೋಟೊ ಮಾತ್ರ ತುಂಬ ಚೆನ್ನಾಗಿ ಬಂದಿರುತ್ತದೆ, ಅದರಲ್ಲಿ ಅನುಮಾನವಿಲ್ಲ.

ಹಾವಸೆಕಲ್ಲು (ಜೂನ್ 15)

@ಕ್ಯಾಲ್ಗರಿಕನ್ನಡತಿ ಆ ಎಲೆ ಮುರಿಯುವುದು ಯಾಕೆ ಅಷ್ಟು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಾಗಲಿ. ಈ ಗಿಡಕ್ಕೆ ವರ್ಷಕ್ಕೆ ಒಂದೇ ಎಲೆ. ಅದು ಬೇಸಿಗೆ ಮುಗಿಯುವಾಗ, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಹಿಮದ ಕೆಳಗೆ ಹಸಿರಾಗೇ ಇಡೀ ಚಳಿಗಾಲ ಕಳೆಯುತ್ತದೆ. ಹಿಮ ಕರಗಿದ ಕೂಡಲೇ ಉಳಿದ ಗಿಡಗಳು ಕಣ್ಣು ಬಿಡುವ ಮೊದಲೇ ಹೂ ಬಿಡುತ್ತದೆ. ಆಮೇಲೆ ಎಲೆ ಹಳದಿಯಾಗಿ ಒಣಗಿ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಅಲ್ಲಿ ಇಂಥದ್ದೊಂದು ಇತ್ತು ಅನ್ನುವ ಗುರುತೂ ಸಿಗಲ್ಲ. ಹೀಗಾಗಿ ಮುಂದಿನ ವರ್ಷದ ಗೆಡ್ಡೆಗೆ ಊಟ ಕೂಡಿಡುವುದು ಆ ಒಂದೇ ಎಲೆ. ಬೇರೆ ಗಿಡ ಆದರೆ ಒಂದು ಹೋದರೆ ಇನ್ನೊಂದು ಚಿಗುರುತ್ತದೆ. ಇದಕ್ಕೆ ಆ ವರ್ಷದ ಸಂಪಾದನೆಯೇ ಹೋಯಿತು.

ಹಸಿರುಕೈ (ಜೂನ್ 16)

ನನ್ನದೂ ಒಂದು ತಪ್ಪು ಹೇಳಿಕೊಳ್ಳಬೇಕು. ನಾಲ್ಕು ವರ್ಷದ ಹಿಂದೆ ಒಂದು ಆನ್‌ಲೈನ್ ಅಂಗಡಿಯಿಂದ ಇದರ ಗೆಡ್ಡೆ ತರಿಸಿದೆ, ಮೂರು. ಹಾವಸೆಯಲ್ಲಿ ಸುತ್ತಿ ಕಳಿಸಿದ್ದರು. ಪೈನ್ ದರಕು, ಕೊಳೆತ ಮರದ ಪುಡಿ ಎಲ್ಲ ಸೇರಿಸಿ ಕುಂಡದಲ್ಲಿಟ್ಟೆ. ಒಂದರಲ್ಲಿ ಹೂ ಬಂತು. ಎಷ್ಟು ಖುಷಿಪಟ್ಟೆ ಅಂದರೆ ಊರಿಗೆಲ್ಲ ವಿಡಿಯೊ ಕಳಿಸಿದೆ. ಆ ಶರತ್ಕಾಲದಲ್ಲಿ ಒಂದರಲ್ಲೂ ಎಲೆ ಬರಲಿಲ್ಲ. ಗೆಡ್ಡೆ ಅಗೆದು ನೋಡಿದರೆ ಮೆತ್ತಗಾಗಿ ಕಂದು ಸಿಪ್ಪೆ ಮಾತ್ರ ಉಳಿದಿತ್ತು. ಆಮೇಲೆ ತಿಳಿದಿದ್ದು, ಆ ಹೂವು ಗೆಡ್ಡೆಯಲ್ಲಿ ಮೊದಲೇ ಕೂಡಿಟ್ಟಿದ್ದರಿಂದ ಬಂದದ್ದು, ನನ್ನ ಆರೈಕೆಯಿಂದ ಬಂದದ್ದಲ್ಲ. ಗೆಡ್ಡೆ ಎಲ್ಲಿಂದ ಬಂತು ಅಂತ ಮಾರುವವರನ್ನು ಕೇಳಿದೆ, ಉತ್ತರ ಬರಲಿಲ್ಲ. ಕಾಡಿನಿಂದಲೇ ಅಗೆದದ್ದು ಅಂತ ಈಗ ನನಗೆ ಅನ್ನಿಸುತ್ತದೆ. ದಯವಿಟ್ಟು ಯಾರೂ ಕೊಳ್ಳಬೇಡಿ.

ಕೊಡಚಾದ್ರಿದಾರಿ (ಜೂನ್ 16)

ಸಾಗರದಿಂದ ಬರೀತಿದ್ದೀನಿ, ಈ ಹೂವು ನಾನು ನೋಡಿಲ್ಲ, ಚಿತ್ರದಲ್ಲಿ ಮಾತ್ರ. ಆದರೆ ನೆಲದ ಮೇಲಿನ ಆರ್ಕಿಡ್ ನಮ್ಮಲ್ಲೂ ಇವೆ. ಮಳೆ ಹಿಡಿದ ಕೂಡಲೇ ಬೆಟ್ಟದ ಹುಲ್ಲುಗಾವಲಲ್ಲಿ ಬಿಳಿ ಹೂವಿನ ಹಬೆನೇರಿಯಾ ಏಳುತ್ತದೆ, ಎಲೆ ನೆಲಕ್ಕೆ ಒತ್ತಿಕೊಂಡೇ ಇರುತ್ತದೆ. ಅದೂ ಗೆಡ್ಡೆಯದ್ದೇ. ಮಳೆಗಾಲ ಮುಗಿದರೆ ಮಾಯ. ಚಾರಣಕ್ಕೆ ಬಂದವರು ಅದರ ಮೇಲೇ ಟೆಂಟ್ ಹಾಕುತ್ತಾರೆ, ಎಲೆ ಕಂಡರೂ ಕಳೆ ಅಂದುಕೊಳ್ಳುತ್ತಾರೆ. ಇನ್ನು ಸೀತಾಳೆ ದಂಡೆ ಕಥೆ ಕೇಳಬೇಡಿ, ಘಾಟಿ ರಸ್ತೆಯಲ್ಲಿ ಹೂ ಬಿಟ್ಟದ್ದೇ ತಡ, ಕಾರು ನಿಲ್ಲಿಸಿ ಕೊಂಬೆ ಸಮೇತ ಕಿತ್ತುಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಬಿದ್ದ ಮರದ್ದು ಉಳಿಸುವುದು ಬೇರೆ, ಇದು ಬೇರೆ. ನಿಮ್ಮ ಅಪ್ಪಯ್ಯ ಮೊದಲನೇ ಗುಂಪಿನವರು, ಬೇಜಾರು ಮಾಡಿಕೊಳ್ಳಬೇಡಿ ಅನ್ನಿ.

ನನಗೊಂದು ಪ್ರಶ್ನೆ. ಅಷ್ಟು ಚಳಿಯಲ್ಲಿ, ಮರಗಳ ಕತ್ತಲಲ್ಲಿ, ಇದಕ್ಕೆ ಪರಾಗಸ್ಪರ್ಶ ಯಾರು ಮಾಡ್ತಾರೆ?

ಹಾವಸೆಕಲ್ಲು (ಜೂನ್ 17)

ನನಗೆ ತುಂಬ ಇಷ್ಟದ ಭಾಗವೇ ಇದು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬಂಬಲ್ ಬೀ. ಮೈತುಂಬ ರೋಮ ಇರುವ ದಪ್ಪ ದುಂಬಿ. ಚಳಿಗಾಲ ದಾಟಿ ಉಳಿಯುವುದು ರಾಣಿಗಳು ಮಾತ್ರ, ಅವು ನೆಲದೊಳಗೆ ಒಂಟಿಯಾಗಿ ಅಡಗಿ ಮಲಗಿರುತ್ತವೆ. ಹಿಮ ಕರಗಿದಾಗ ಹಸಿದು ಹೊರಗೆ ಬರುತ್ತವೆ. ಆ ಹೊತ್ತಿಗೆ ಕಾಡಲ್ಲಿ ಹೂವೇ ಕಡಿಮೆ, ಇದೊಂದು ಗುಲಾಬಿ ಬಣ್ಣದಲ್ಲಿ, ಸಣ್ಣ ಪರಿಮಳದಲ್ಲಿ ನಿಂತಿರುತ್ತದೆ. ಶಿರಸಿಮಾಣಿ ಹೇಳಿದ ಹಳದಿ ಕುಚ್ಚು ಇದೆಯಲ್ಲ, ಅದು ದೂರದಿಂದ ಪರಾಗ ತುಂಬಿದ ಕೇಸರದ ಹಾಗೆ ಕಾಣುತ್ತದೆ. ತುಟಿಯ ಅಡಿಯಲ್ಲಿ ಎರಡು ಸಣ್ಣ ಮೊನೆ ಇವೆ, ಮಕರಂದ ಇಡುವ ಜಾಗದ ಹಾಗೆ. ದುಂಬಿ ಒಳಗೆ ತಲೆ ಹಾಕುತ್ತದೆ. ಅಲ್ಲಿ ಏನೂ ಇಲ್ಲ. ಒಂದು ಹನಿ ಮಕರಂದವೂ ಇಲ್ಲ. ಹಿಂದಕ್ಕೆ ಸರಿಯುವಾಗ ಮೇಲಿರುವ ಪರಾಗದ ಉಂಡೆ ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ, ದುಂಬಿ ಕಾಲು ಚಾಚಿ ಒರೆಸಿಕೊಂಡರೂ ಎಟುಕದ ಜಾಗ ಅದು. ಮುಂದಿನ ಹೂವಿಗೂ ಮೋಸ ಹೋದರೆ ಆ ಉಂಡೆ ಅಲ್ಲಿ ಅಂಟುತ್ತದೆ, ಕೆಲಸ ಆಯಿತು.

ಕೆಲವು ಹೂವು ನೋಡಿದ ಮೇಲೆ ದುಂಬಿ ಕಲಿತುಬಿಡುತ್ತದೆ, ಮತ್ತೆ ಬರುವುದಿಲ್ಲ. ಆದ್ದರಿಂದ ಈ ಗಿಡಕ್ಕೆ ಸಿಗುವುದು ಹೊಸದಾಗಿ ಹೊರಬಂದ, ಇನ್ನೂ ಕಲಿಯದ ರಾಣಿಗಳ ಕೆಲವೇ ದಿನ. ಪರಾಗ ಸಿಗದ ಹೂವು ಕಾಯುತ್ತಾ ಜಾಸ್ತಿ ದಿನ ನಿಲ್ಲುತ್ತದೆ, ಸಿಕ್ಕಿದ್ದು ಬೇಗ ಬಾಡುತ್ತದೆ. ಹಾಗಾಗಿ ನೀವು ಕಾಡಲ್ಲಿ ಬಾಡಿದ ಕ್ಯಾಲಿಪ್ಸೊ ಕಂಡರೆ ಅಯ್ಯೋ ಅನ್ನಬೇಡಿ, ಅದಕ್ಕೆ ದುಂಬಿ ಬಂದಿರಬಹುದು. ಆಮೇಲೆ ದಂಟು ಉದ್ದವಾಗಿ ಕಾಯಿ ನೆಟ್ಟಗೆ ನಿಲ್ಲುತ್ತದೆ. ಹೆಚ್ಚಿನ ಹೂವುಗಳು ಕಾಯಿ ಕಟ್ಟುವುದೇ ಇಲ್ಲ.

ನಿಮ್ಮ ಕೊಲೊರಾಡೊದ್ದು ಹಳದಿ ಕುಚ್ಚಿನ ತಳಿ. ಇಲ್ಲಿ ಕರಾವಳಿ ಬೆಟ್ಟಗಳಲ್ಲಿರುವುದರ ಕುಚ್ಚು ಬಿಳಿ, ತುಟಿಯ ಮೇಲೆ ಕಂದು ಚುಕ್ಕೆ ಜಾಸ್ತಿ. ನನಗೆ ಇಲ್ಲಿಯದ್ದೇ ಚೆಂದ ಅನ್ನಿಸುತ್ತದೆ, ಅದು ನನ್ನ ಪಕ್ಷಪಾತ.

ಹೆಸರಿನ ಬಗ್ಗೆ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ಬೇರೊಂದು ಚಪ್ಪಲಿ ಆರ್ಕಿಡ್ ಗುಂಪಿಗೆ ಸೇರಿಸಿದ್ದರು. 1807ರಲ್ಲಿ ಸಾಲಿಸ್ಬರಿ ಅನ್ನುವ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಬೇರೆ ಮಾಡಿ ಕ್ಯಾಲಿಪ್ಸೊ ಅಂತ ಕರೆದರು. ಗ್ರೀಕ್ ಕಥೆಯಲ್ಲಿ ಒಡಿಸ್ಯೂಸ್‌ನನ್ನು 7 ವರ್ಷ ತನ್ನ ದ್ವೀಪದಲ್ಲಿ ಬಚ್ಚಿಟ್ಟುಕೊಂಡವಳ ಹೆಸರು ಅದು. ಆ ಪದದಲ್ಲೇ ಅಡಗಿಸುವುದು ಅನ್ನುವ ಅರ್ಥ ಇದೆ.

ಔಲುವಿನಿಂದ (ಜೂನ್ 17)

ಫಿನ್ಲೆಂಡ್‌ನಿಂದ ನಮಸ್ಕಾರ. ಇದೇ ಹೂವು ನಮ್ಮಲ್ಲೂ ಇದೆ ಅಂದರೆ ನಂಬ್ತೀರಾ? ಇಲ್ಲಿ ನೆಯ್ದೊನ್‌ಕೆಂಕಾ ಅಂತಾರೆ, ಕನ್ಯೆಯ ಪಾದರಕ್ಷೆ ಅಂತ ಅರ್ಥ. ಕೂಸಾಮೊ ಕಡೆಯ ಔಲಂಕಾ ರಾಷ್ಟ್ರೀಯ ಉದ್ಯಾನದ ಲಾಂಛನವೇ ಈ ಹೂವು. ಇಲ್ಲಿ ಬೆಟ್ಟ ಅಷ್ಟು ಎತ್ತರವಿಲ್ಲ, ಆದರೆ ಉತ್ತರಕ್ಕಿರುವುದರಿಂದ ಚಳಿ ಸಾಕಷ್ಟು, ಸುಣ್ಣದ ಅಂಶ ಇರುವ ನೆಲ, ಹಳೇ ಸ್ಪ್ರೂಸ್ ಕಾಡು. ಈ ದೇಶದಲ್ಲಿ ಯಾರ ಕಾಡಿಗೆ ಬೇಕಾದರೂ ಹೋಗಿ ಹಣ್ಣು, ಅಣಬೆ ಆರಿಸಬಹುದು, ಆ ಹಕ್ಕು ಎಲ್ಲರಿಗೂ ಇದೆ. ಇದನ್ನು ಮಾತ್ರ ಮುಟ್ಟುವ ಹಾಗಿಲ್ಲ, ಕಾನೂನಿನ ರಕ್ಷಣೆ ಇದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಚಿಕ್ಕಂದಿನಲ್ಲಿ ಅಜ್ಜಿ ಜೊತೆ ನೋಡಲು ಹೋಗಿದ್ದ ಜಾಗಕ್ಕೆ ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಎಲ್ಲಿ ಅಂತ ನನಗೂ ಹೇಳಿಲ್ಲ.

ಕ್ಯಾಲ್ಗರಿಕನ್ನಡತಿ (ಜೂನ್ 17)

ಅದೇ ಸರಿ. ಶಿರಸಿಮಾಣಿ, ನೀವೂ ಜಾಗದ ಹೆಸರು ಬರೆಯದಿದ್ದದ್ದು ಒಳ್ಳೆಯದಾಯಿತು. ಫೋಟೊ ಹಾಕುವುದಾದರೆ ಲೊಕೇಶನ್ ತೆಗೆದು ಹಾಕಿ.

ಮೈಸೂರ್‌ಬೇರು (ಜೂನ್ 18)

ನಾನು ಒಪ್ಪೋದಿಲ್ಲ. ಎಲ್ಲರೂ ಹೀಗೆ ಮುಚ್ಚಿಟ್ಟರೆ ಹೊಸಬರು ನೋಡುವುದು ಹೇಗೆ? ನೋಡದವರಿಗೆ ಪ್ರೀತಿ ಬರುತ್ತದಾ? ಜಾನ್ ಮ್ಯೂರ್ ಅವರ ವಿಷಯ ತಗೊಳ್ಳಿ. 1864ರಲ್ಲಿ ಕೆನಡಾದ ಜೌಗು ಕಾಡಿನಲ್ಲಿ ದಾರಿ ತಿಳಿಯದೆ, ಹಸಿದು, ಸುಸ್ತಾಗಿ ಅಲೆಯುತ್ತಿದ್ದಾಗ ಹಳ್ಳದ ದಡದಲ್ಲಿ ಈ ಹೂವು ಕಂಡು ಪಕ್ಕದಲ್ಲೇ ಕೂತು ಸಂತೋಷದಿಂದ ಅತ್ತರು. ಆಗ ಅವರಿಗೆ 26 ವರ್ಷ. ಅವರ ಬರಹದಲ್ಲಿ ಮೊದಲು ಅಚ್ಚಾದದ್ದೂ ಈ ಹೂವಿನ ಬಗ್ಗೆಯೇ, 1866ರಲ್ಲಿ. ಮುಂದೆ 1892ರಲ್ಲಿ ಸಿಯೆರಾ ಕ್ಲಬ್ ಅನ್ನುವ ಪರಿಸರ ಸಂಘಟನೆ ಕಟ್ಟಿ, ಕಾಡು ಉಳಿಸಿ ಅಂತ ಜೀವನಪೂರ್ತಿ ಹೋರಾಡಿದ ಮನುಷ್ಯ. ಅವರು ಅದನ್ನು ಕಣ್ಣಾರೆ ನೋಡಿದ್ದರಲ್ವಾ?

ಹಾವಸೆಕಲ್ಲು (ಜೂನ್ 18)

ಮೈಸೂರ್‌ಬೇರು, ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಮ್ಯೂರ್‌ಗೆ ಯಾರೂ ದಾರಿ ಕಳಿಸಿರಲಿಲ್ಲ. ಕಾಡು ನಡೆದು ಕಂಡರು. ಹಾಗೆ ಕಾಣುವವರು ಎಷ್ಟು ಜನ ಬಂದರೂ ನನಗೆ ಚಿಂತೆಯಿಲ್ಲ. ನಕ್ಷೆಯ ಚುಕ್ಕೆ ನೋಡಿಕೊಂಡು ವಾರಾಂತ್ಯಕ್ಕೆ ನಲವತ್ತು ಜನ ಬಂದರೆ ಕಷ್ಟ.

ನಾನು ಮಾಡುವುದು ಇಷ್ಟು. ಕಂಡದ್ದನ್ನು ಗಿಡ, ಪ್ರಾಣಿ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ, ಜಾಗ ಮಸುಕು ಮಾಡುವ ಆಯ್ಕೆ ಒತ್ತಿ. ದಾಖಲೆ ಉಳಿಯುತ್ತದೆ, ನಿಖರ ಚುಕ್ಕೆ ಯಾರಿಗೂ ಕಾಣುವುದಿಲ್ಲ. ಸ್ನೇಹಿತರನ್ನು ನಾನೇ ಕರೆದುಕೊಂಡು ಹೋಗುತ್ತೇನೆ, ಒಂದು ಸಲಕ್ಕೆ ಮೂರು ನಾಲ್ಕು ಜನ. ದಾರಿ ಬಿಟ್ಟು ಇಳಿಯುವುದಿಲ್ಲ. ದಾರಿ ಅಂಚಿನಲ್ಲೇ ಎಷ್ಟೋ ಸಲ ಸಿಗುತ್ತದೆ. ಮಿಷಿಗನ್, ವಿಸ್ಕಾನ್ಸಿನ್, ವರ್ಮಾಂಟ್, ನ್ಯೂಯಾರ್ಕ್ ಕಡೆ ಇದು ಅಪಾಯದಲ್ಲಿದೆ ಅಂತ ಸರ್ಕಾರದ ಪಟ್ಟಿಯಲ್ಲೇ ಇದೆ. ಪಶ್ಚಿಮದ ಬೆಟ್ಟಗಳಲ್ಲಿ ಇನ್ನೂ ಪರವಾಗಿಲ್ಲ ಅನ್ನುವ ಹಾಗಿದೆ. ಪರವಾಗಿಲ್ಲ ಅನ್ನುವಾಗಲೇ ಜಾಗ್ರತೆ ಮಾಡಬೇಕು.

ಮೈಸೂರ್‌ಬೇರು (ಜೂನ್ 18)

ಕರೆದುಕೊಂಡು ಹೋಗುವುದು ಅಂದರೆ ನನಗೆ ಒಪ್ಪಿಗೆ. ಮುಂದಿನ ಮೇನಲ್ಲಿ ಆ ಕಡೆ ಬರುತ್ತೇನೆ, ಜೊತೆಗೆ ಸೇರಿಸಿಕೊಳ್ಳಿ.

ಶಿರಸಿಮಾಣಿ (ಜೂನ್ 19)

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಊಟ ಆದಮೇಲೆ ನಿಮ್ಮ ಉತ್ತರಗಳನ್ನೆಲ್ಲ ಅಪ್ಪಯ್ಯನಿಗೆ ಓದಿ ಹೇಳಿದೆ. ದುಂಬಿ ವಿಷಯ ಎರಡು ಸಲ ಓದಿಸಿದರು. ಶಿಲೀಂಧ್ರದ ಎಳೆ ಅಂದಾಗ ಸುಮ್ಮನೆ ಕೂತರು. ಆಮೇಲೆ ಅಡಿಕೆ ತೋಟದಲ್ಲಿ ದರಕು ಎತ್ತಿದಾಗ ಕಾಣುವ ಬಿಳಿ ನೂಲು ಅದೇ ತರಹದ್ದಾ ಅಂತ ಕೇಳಿದರು. ಕೂಗಿದ್ದಕ್ಕೆ ನಾನು ಕ್ಷಮೆ ಕೇಳಿದೆ.

ಇನ್ನೊಂದು ಮಾತು, ಅವರ ಮನಸ್ಸಲ್ಲಿ ಒಂದು ಗೆಡ್ಡೆ ಶಿರಸಿಗೆ ಒಯ್ಯುವ ಆಸೆಯೂ ಇತ್ತಂತೆ. ಆಯಿ ಹೇಳಿದ ಮೇಲೆ ಗೊತ್ತಾಯಿತು.

ಹಾವಸೆಕಲ್ಲು (ಜೂನ್ 19)

ಒಯ್ಯುವುದು ಆಗದ ಮಾತು. ಎಲ್ಲ ಆರ್ಕಿಡ್‌ಗಳೂ ಕಾಡಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಾದರೂ ಇವೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಒಯ್ದರೂ ಶಿರಸಿಯಲ್ಲಿ ಅದಕ್ಕೆ ಬೇಕಾದ ಹಿಮದ ಚಳಿಗಾಲ ಎಲ್ಲಿದೆ?

ಸೆಪ್ಟೆಂಬರ್ ಕೊನೆಗೆ ಒಮ್ಮೆ ಹೋಗಿ ನೋಡಿ. ಬದುಕಿದ್ದರೆ ಹೊಸ ಎಲೆ ಬಂದಿರುತ್ತದೆ. ಅದಕ್ಕೆ ಮೊದಲು ಹೋಗಿ ಕೆದಕಬೇಡಿ.

ಶಿರಸಿಮಾಣಿ (ಸೆಪ್ಟೆಂಬರ್ 28)

ನೀವು ಹೇಳಿದ್ದಿರಲ್ಲ, ಇವತ್ತು ಹೋಗಿ ಬಂದೆ. ಅಪ್ಪಯ್ಯ, ಆಯಿ ಆಗಸ್ಟ್‌ನಲ್ಲೇ ಊರಿಗೆ ವಾಪಸ್ ಹೋದರು. ಪ್ರತಿ ಭಾನುವಾರ ಫೋನಲ್ಲಿ ಅಪ್ಪಯ್ಯ ಕೇಳುವುದು ಒಂದೇ, ಎಲೆ ಬಂತಾ?

ಗುರುತಿಗೆ ಆಯಿ ಕೂತಿದ್ದ ದಿಮ್ಮಿ ಇತ್ತು. ಅಲ್ಲಿಂದ ನಾಲ್ಕು ಹೆಜ್ಜೆ. ದಾರಿಯ ಅಂಚಲ್ಲೇ ಮೊಣಕಾಲೂರಿ, ಬೇರೆ ಕಡೆ ಕೈ ಊರದೆ, ಅರ್ಧ ಗಂಟೆ ನೋಡಿದೆ. ನಾವು ವಾಪಸ್ ಇಟ್ಟ ಜಾಗದಲ್ಲಿ ಏನೂ ಇಲ್ಲ. ದರಕು ಹಾಗೇ ಇದೆ.

ಅಲ್ಲಿಂದ ಒಂದು ಗೇಣು ಆಚೆಗೆ, ಸ್ಪ್ರೂಸ್ ಬೇರಿನ ಮಡಿಲಲ್ಲಿ ಎರಡು ಎಲೆ ಎದ್ದಿವೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ಕಡು ಹಸಿರು, ಉದ್ದಕ್ಕೂ ನೆರಿಗೆ. ಅವತ್ತು ನಾವು ನಿಂತಿದ್ದದ್ದು ಅದರ ಪಕ್ಕದಲ್ಲೇ. ಕಾಲಿಡದೇ ಇದ್ದದ್ದು ಅದೃಷ್ಟ ಅಷ್ಟೇ. ಜೂನ್‌ನಲ್ಲಿ ಅವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪಯ್ಯನಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಎರಡರ ಫೋಟೊ ಕಳಿಸು ಅಂದರು. ಕಳಿಸಿದ್ದೇನೆ.

ಹಾವಸೆಕಲ್ಲು (ಸೆಪ್ಟೆಂಬರ್ 28)

ಕೆಲವು ಸಲ ಒಂದು ವರ್ಷ ಬಿಟ್ಟು ಬರುವುದೂ ಇದೆ ಅಂತ ಹೇಳಿ ನಿಮಗೆ ಆಸೆ ಹುಟ್ಟಿಸಲಾರೆ. ಆ ಎರಡನ್ನು ಮುಂದಿನ ಜೂನ್‌ನಲ್ಲಿ ನೋಡಿ ಬನ್ನಿ. ಹಿಮ ಕರಗಿ ಒಂದೆರಡು ವಾರದೊಳಗೆ ಹೋಗಬೇಕು, ತಡ ಮಾಡಿದರೆ ಹೂವು ಸಿಗುವುದಿಲ್ಲ.

ಶಿರಸಿಮಾಣಿ (ಸೆಪ್ಟೆಂಬರ್ 28)

ಹೋಗ್ತೇನೆ. ಅಪ್ಪಯ್ಯನಿಗೂ ಟಿಕೆಟ್ ನೋಡ್ತಿದ್ದೇನೆ.